ಮುನ್ನೂರು ಕೋಟಿಯ ಬ್ರೆಡ್ಡು

ಬಂದರಿನಲ್ಲಿ ಹಗ್ಗ, ಬಲೆಗಳ ಅಂಗಡಿ ಇಟ್ಟುಕೊಂಡಿರುವ ಶಾಹುಲ್ ಹಮೀದರಿಗೆ ಒಂದೇ ಹುಚ್ಚು. ಬೆಲೆಗಳು ಹುಚ್ಚೆದ್ದು ಏರಿ, ದುಡ್ಡು ಬರೀ ಕಾಗದವಾಗಿಹೋದ ಕಾಲದ ನೆನಪಿಗೆಂದು ಬೇರೆ ಬೇರೆ ದೇಶಗಳಲ್ಲಿ ಹೊರಬಂದ ಪದಕ, ಬಿಲ್ಲೆಗಳನ್ನು ಕೂಡಿಡುವುದು. ಅವುಗಳಲ್ಲಿ ಅಚ್ಚುಮೆಚ್ಚಿನದು ೧೯೨೩ರ ಒಂದು ಜರ್ಮನ್ ಪದಕ. ಅರ್ಧ ಕಿಲೋ ಬ್ರೆಡ್ಡಿಗೆ ಆಗ ಎಷ್ಟು ಮಾರ್ಕ್ ಕೊಡಬೇಕಿತ್ತೆಂದು ಅದರ ಮೇಲೆ ಅಚ್ಚಾಗಿದೆ.

ಕಳೆದ ಡಿಸೆಂಬರಿನಲ್ಲಿ ಹಂಪನಕಟ್ಟೆಯ ಸಭಾಂಗಣವೊಂದರಲ್ಲಿ ನಾಣ್ಯ ಪ್ರದರ್ಶನವಿತ್ತು. ಶಾಹುಲ್ ತಮ್ಮ ಮೇಜಿಗೆ ಬಂದವರಿಗೆಲ್ಲ ಆ ಪದಕ ತೋರಿಸಿ, "ಒಂದು ಬ್ರೆಡ್ಡಿಗೆ ಮುನ್ನೂರು ಕೋಟಿ ಮಾರಾಯ್ರೆ! ಜಾಮ್ ಬೇಕಿದ್ರೆ ಮನೆ ಮಾರ್ಬೇಕು" ಎನ್ನುತ್ತಿದ್ದರು. ಜನ ನಕ್ಕರೆ ಅವರ ಮುಖ ಅರಳುತ್ತಿತ್ತು.

ಬಜಪೆಯ ಮಟಿಲ್ಡಾ ಟೀಚರ್ ಮಾತ್ರ ನಗಲಿಲ್ಲ. ಎಪ್ಪತ್ತರ ಹತ್ತಿರದ ಆಕೆ ಪದಕವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ನಾನು ಜಿಂಬಾಬ್ವೆಯಲ್ಲಿ ಪಾಠ ಮಾಡ್ತಿದ್ದೆ. ಅಲ್ಲಿಯೂ ಹೀಗೇ ಆಯಿತು. ಬೇಕರಿ ಎದುರು ಬೆಳಿಗ್ಗೆ ನಿಂತವರಿಗೆ ಮಧ್ಯಾಹ್ನ ಬೇರೆ ರೇಟು. ನನ್ನ ಕ್ಲಾಸಿನ ಒಬ್ಬಳು ಹುಡುಗಿ ಹಸಿವಿಂದ ಬೋರ್ಡಿನ ಎದುರೇ ಬಿದ್ದಳು." ಆಕೆಯ ಕಣ್ಣು ತುಂಬಿತ್ತು.

"ಛೆ, ನನಗೆ ಗೊತ್ತಿರಲಿಲ್ಲ ಟೀಚರ್."

ಆಕೆ ಪದಕ ಮರಳಿಸಿ ಬಾಗಿಲ ಕಡೆ ನಡೆದರು. ಅಷ್ಟರಲ್ಲಿ ಕಾಲೇಜಿನವರ ಗುಂಪೊಂದು ಬಂತು. ಶಾಹುಲರ ಬಾಯಿಂದ ಮತ್ತೆ ಅದೇ ಮುನ್ನೂರು ಕೋಟಿ, ಅದೇ ಜಾಮ್. ಗುಂಪು ಗೊಳ್ಳೆಂದು ನಕ್ಕಿತು. ಶಾಹುಲ್ ತಲೆಯೆತ್ತಿದರೆ ಮಟಿಲ್ಡಾ ಬಾಗಿಲಲ್ಲಿ ತಿರುಗಿ ನಿಂತಿದ್ದರು.

ಅಂದು ರಾತ್ರಿ ಹೆಂಡತಿ ಸುಹರಾ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. "ಎಂತ ಆಯಿತು?" ಎಂದು ಅವಳು ಕೇಳಿದರೆ ಹೇಳಲೂ ನಾಚಿಕೆ. ಭಾನುವಾರ ಟೀಚರ ವಿಳಾಸ ಹುಡುಕಿಕೊಂಡು ಬಜಪೆಗೆ ಹೋಗಿ ಕ್ಷಮೆ ಕೇಳಿದರು.

"ಗೊತ್ತಿಲ್ಲದೆ ಹೇಳಿದ್ದಕ್ಕೆ ಕ್ಷಮೆ ಎಂತಕ್ಕೆ?" ಎಂದರು ಮಟಿಲ್ಡಾ. "ಗೊತ್ತಾದ ಮೇಲೂ ಹೇಳಿದ್ರಲ್ಲ, ಅದು ನೋವಾಯಿತು."

ಶಾಹುಲ್ ಚಹಾದ ಲೋಟ ಕೆಳಗಿಟ್ಟರು.

"ಇನ್ನು ಬಂದವರಿಗೆ ನಿಮ್ಮ ಆ ಹುಡುಗಿಯ ವಿಷಯ ಹೇಳ್ತೇನೆ ಟೀಚರ್."

"ಬೇಡ. ಅವಳನ್ನು ನಿಮ್ಮ ಮೇಜಿನ ಮೇಲೆ ಇಡ್ಬೇಡಿ."

ಕ್ಷಮೆ ಕೇಳಲು ಬಂದಲ್ಲಿಯೂ ತಾನು ಹೊಸದೊಂದು ಕಥೆ ಕೊಂಡೊಯ್ಯಲು ನೋಡಿದೆನಲ್ಲ ಎಂದು ಅವರ ಕಿವಿ ಬಿಸಿಯಾಯಿತು.

ಪದಕಗಳನ್ನು ಅವರು ಮಾರಲಿಲ್ಲ. ಈ ವರ್ಷ ಉಡುಪಿಯ ಪ್ರದರ್ಶನದಲ್ಲೂ ಮೇಜು ಹಾಕಿದರು. ಕೇಳಿದವರಿಗೆ ದೇಶ, ವರ್ಷ, ಬೆಲೆ ಹೇಳಿದರು, ಅಷ್ಟೆ. ಬೆಲೆ ಕೇಳಿಯೇ ಕೆಲವರು ನಕ್ಕರು. ನಗಬೇಡಿ ಎನ್ನಲು ತನಗೆ ಯಾವ ಬಾಯಿ ಉಂಟು ಎಂದುಕೊಂಡು ಶಾಹುಲ್, ಪದಕಗಳ ಮೇಲಿನ ಧೂಳಿಲ್ಲದ ಗಾಜನ್ನು ಒರೆಸುತ್ತ ನಿಂತರು.