ಏಳುಮಲೈ ಓಡಿಸಿದ ಕಾರು

ವಿಮಾ ಕಚೇರಿಯಲ್ಲಿ ಬದುಕಿಡೀ ಬೇರೆಯವರ ದೂರು ಓದಿದ್ದ ಅಮ್ಮಣ್ಣಿ, ನಿವೃತ್ತಿಯಾದ ಮೇಲೆ 2002ರಲ್ಲಿ ತಮ್ಮದೇ ಒಂದು ದೂರು ಕೊಟ್ಟರು: ಅಡ್ಯಾರಿನ ಗ್ಯಾರೇಜಿನ ಏಳುಮಲೈ ದುಡ್ಡು ತೆಗೆದುಕೊಂಡೂ ತಮ್ಮ ಕಾರಿನ ಬ್ರೇಕ್ ಬದಲಿಸಿಲ್ಲ. ಗ್ರಾಹಕರ ನ್ಯಾಯಾಲಯ ಕಳಿಸಿದ ವಾಹನ ಇನ್ಸ್‌ಪೆಕ್ಟರ್, ಅಮ್ಮಣ್ಣಿಯ ಜೊತೆ, ಕಾರು ನಿಂತಿದ್ದ ಗ್ಯಾರೇಜಿಗೆ ಬಂದರು. ಪುರಾವೆ ಸಿಗದಿದ್ದರೆ ದೂರು ಬಿದ್ದುಹೋಗುತ್ತಿತ್ತು.

“ಬ್ರೇಕ್ ಸೂಪರ್ ಸಾರ್! ಈ ಮಾಮಿಗೆ ಸುಮ್ನೆ ಭಯ,” ಎಂದ ಏಳುಮಲೈ.

“ಹಂಗಾದ್ರೆ ಫ್ಲೈಓವರ್ ಹತ್ತಿಸಿ ಇಳಿಸಪ್ಪಾ. ನಾನೂ ಕೂತ್ಕೋತೀನಿ,” ಎಂದರು ಇನ್ಸ್‌ಪೆಕ್ಟರ್.

“ನಾನೂ ಬರ್ತೀನಿ,” ಎಂದು ಅಮ್ಮಣ್ಣಿ ಹಿಂದಿನ ಸೀಟಿನಲ್ಲಿ ಕುಳಿತರು.

ಏಳುಮಲೈ ಮೊದಲ ಗೇರಿನಲ್ಲೇ ಕಾರನ್ನು ತೆವಳಿಸಿದ. ಫ್ಲೈಓವರ್ ಏರುವ ಮೊದಲೇ ಬದಿಗೆ ನಿಲ್ಲಿಸಿ ಕೆಳಗಿಳಿದ. ಮುಖವೆಲ್ಲ ಬೆವತಿತ್ತು.

“ಐಯೋ ಬೇಡ ಸಾರ್, ನಂಗೆ ಹೆಂಡ್ತಿ ಮಕ್ಳಿದ್ದಾರೆ.”

“ಈ ಮಾತನ್ನೇ ಬರ್ಕೊಳ್ಳಿ ಸಾರ್,” ಎಂದರು ಅಮ್ಮಣ್ಣಿ.