ಅಕ್ಕನ ಕಲ್ಲು, ತಂಗಿಯ ಮೂಳೆ

ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳನ್ನು ಬೀದಿಯವರೆಲ್ಲ ಬೋರ್ಡಕ್ಕ ಎನ್ನುತ್ತಿದ್ದರು. ಏಣಿಯ ಮೇಲೆ ನಿಂತು, ಎಡಗೈಯಲ್ಲಿ ಕೋಲು ಅಡ್ಡ ಹಿಡಿದು, ಅದರ ಮೇಲೆ ಬಲಗೈ ಊರಿ ಕುಂಚ ಎಳೆದಳೆಂದರೆ ಗೆರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಏಣಿಯಿಂದ ಒಮ್ಮೆಯೂ ಬೀಳದವಳು ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಳು.

"ಆನೆ ಏರಿ ಇಳಿದವಳು ಇರುವೆ ಎಡವಿ ಬಿದ್ದಳಂತೆ," ಎಂದಳು ಅವಳ ಒಡಹುಟ್ಟಿದ ಅಕ್ಕ. ಭೂಗೋಳ ಕಲಿಸಿ ನಿವೃತ್ತಳಾದ ಈ ಅಕ್ಕನೇ ಈಗ ಏಣಿಯ ಬುಡ ಹಿಡಿಯುವವಳು. ಮನೆಯಲ್ಲಿ ಇದ್ದವರು ಇವರಿಬ್ಬರೇ.

ಪಟ್ಟಿ ಬಿಚ್ಚಿದ ಮೇಲೆ ಪರೀಕ್ಷೆ ಮಾಡಿಸಿದರೆ, ಮುಟ್ಟು ನಿಂತ ಈಚೆಗೆ ಮೂಳೆ ತೀರ ಸವೆದಿತ್ತು. ಲೇಡಿ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು.

"ಅಮ್ಮಾ, ನಿಮಗಿನ್ನೂ ಅರವತ್ತಾಗಿಲ್ಲ. ಹಾರ್ಮೋನ್ ಚಿಕಿತ್ಸೆ ಯೋಚನೆ ಮಾಡಬಹುದು. ಮೂಳೆ ಸವೆಯೋದು ಕಮ್ಮಿಯಾಗುತ್ತೆ, ರಾತ್ರಿ ಇದ್ದಕ್ಕಿದ್ದ ಹಾಗೆ ಬರೋ ಈ ಮೈಬಿಸಿ, ಬೆವರು ಕೂಡ ಹಿಡಿತಕ್ಕೆ ಬರುತ್ತೆ. ಆದ್ರೆ ಎಲ್ಲರಿಗೂ ಹೊಂದಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಉಂಟಾ? ಮನೇಲಿ ಯಾರಿಗಾದ್ರೂ ಸ್ತನದ ಕ್ಯಾನ್ಸರ್?"

"ಇಲ್ಲ," ಎಂದಳು ಬೋರ್ಡಕ್ಕ.

ವರ್ಷಗಳ ಹಿಂದೆ ಅಕ್ಕನಿಗೆ ಎದೆಯ ಆಪರೇಷನ್ ಆದಾಗ ಇಬ್ಬರೂ ಸೇರಿ ಊರಿಗೆಲ್ಲ ಪಿತ್ತಕೋಶದ ಕಲ್ಲು ಎಂದು ಹೇಳಿದ್ದರು. ಅದು ಅಕ್ಕನ ಕಟ್ಟಪ್ಪಣೆ: ತರಗತಿಯ ಮಕ್ಕಳು ನಕಾಶೆ ನೋಡಬೇಕೇ ಹೊರತು ತನ್ನ ಎದೆಯನ್ನಲ್ಲ. ಹೇಳಿ ಹೇಳಿ ಪಳಗಿದ ಸುಳ್ಳು, ಯಾರು ಕೇಳಿದರೂ ತಾನಾಗಿ ಹೊರಬರುತ್ತಿತ್ತು. ಡಾಕ್ಟರು ಚೀಟಿ ಬರೆಯತೊಡಗಿದಾಗ ಬೋರ್ಡಕ್ಕನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಬಾಯಿ ತೆರೆದರೆ ಅಕ್ಕನ ಗುಟ್ಟು ರಟ್ಟು, ಮುಚ್ಚಿಕೊಂಡರೆ ತನ್ನ ಜೀವಕ್ಕೆ ಸಂಚಕಾರ. ಅಕ್ಕ ಪಕ್ಕದಲ್ಲೇ ಕೂತಿದ್ದಳು.

"ಡಾಕ್ಟ್ರೇ, ಪೆನ್ನು ಕೆಳಗಿಡಿ," ಎಂದಳು ಅಕ್ಕ. "ನನಗೆ ಆಗಿತ್ತು. ಎಡಗಡೇದು ತೆಗೆದಿದಾರೆ. ಇವಳಿಗೆ ಹೇಳೋಕೆ ನಾಚಿಕೆ."

"ನಾಚಿಕೆ ನನಗಾ? ಕಲ್ಲು ಅನ್ನು ಅಂದವಳು ನೀನು!"

"ಊರಿಗೆ ಹೇಳು ಅಂದೆ ಕಣೇ ಪೆದ್ದಿ. ಡಾಕ್ಟ್ರು ಊರಾ?"

ಡಾಕ್ಟರು ನಗು ನುಂಗಿಕೊಂಡು ಅಕ್ಕನಿಗೆ ಆಗ ಎಷ್ಟು ವಯಸ್ಸೆಂದು ಕೇಳಿದರು. ಇನ್ನೂ ಐವತ್ತಾಗಿರಲಿಲ್ಲ ಎಂದು ತಿಳಿದಾಗ ಅವರ ಮುಖ ಗಂಭೀರವಾಯಿತು.

"ಇದೊಂದರಿಂದ ಹಾರ್ಮೋನ್ ಕೂಡದೇ ಕೂಡದು ಅಂತ ಹೇಳಲ್ಲ. ಆದ್ರೆ ತಕ್ಕಡಿ ಅಪಾಯದ ಕಡೆ ವಾಲುತ್ತೆ. ಮೂಳೆಗೇ ಅಂತ ಬೇರೆ ಮಾತ್ರೆ ಇದೆ, ವಾರಕ್ಕೊಂದು. ಮೈಬಿಸಿಗೆ ಮಾತ್ರ ಅದರಿಂದ ಏನೂ ಆಗಲ್ಲ. ಮನೇಲಿ ಯೋಚಿಸಿ ಬನ್ನಿ."

ಮನೆಗೆ ಬಂದು ಬೋರ್ಡಕ್ಕ ಬಣ್ಣದ ಡಬ್ಬಿಗಳ ನಡುವೆ ಕುಕ್ಕರಿಸಿದಳು. "ನಿದ್ದೆ ಬೇಕು ಕಣೇ ಅಕ್ಕ. ಮೈಯೆಲ್ಲ ಸುಟ್ಟ ಬದನೇಕಾಯಿ ಆಗಿಬಿಡುತ್ತೆ. ನೀನೇ ಹೇಳು, ಯಾವುದು ತಗೊಳ್ಳಲಿ?"

"ಹಾರ್ಮೋನ್ ತಗೋ ಅಂದ್ರೆ ನನ್ನ ಹಾಗೆ ಆದೀಯಾ ಅಂತ ಭಯ. ಬೇಡ ಅಂದ್ರೆ ನಿನ್ನ ನಿದ್ದೆ ಕಿತ್ಕೊಂಡ ಪಾಪ. ನಾನು ಬಾಯೇ ಬಿಡಲ್ಲ."

ಜೀವಮಾನವಿಡೀ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಮೇಡಂ ಕಿಟಕಿಯ ಹತ್ತಿರ ನಿಂತು, ರವಿಕೆಯೊಳಗಿನ ಹತ್ತಿಯ ಮೆತ್ತೆ ಸರಿಪಡಿಸಿಕೊಂಡಳು. ಅದು ಒಂದು ಕಡೆಗೆ ಜಾರಿತ್ತು. ತಂಗಿಯ ಎದುರಲ್ಲೂ ಬೆನ್ನು ತಿರುಗಿಸಿಯೇ ಮಾಡುತ್ತಿದ್ದ ಕೆಲಸವನ್ನು ಅಂದು ಎದುರಾಗಿ ನಿಂತೇ ಮಾಡಿದಳು. ಬೋರ್ಡಕ್ಕ ನೋಡಿದಳು.

"ವಾರದ ಮಾತ್ರೇನೇ ಇರಲಿ," ಎಂದಳು.

"ಮತ್ತೆ ಮೈಬಿಸಿ?"

"ಕಿಟಕಿ ತೆಗೆದಿಟ್ಟು ಮಲಗ್ತೀನಿ."

"ಕಿಟಕಿ ತೆಗೆದ್ರೆ ನನಗೆ ಚಳಿ."

"ಹಾಗಾದ್ರೆ ಆಚೆ ರೂಮಿಗೆ ಹೋಗು."

ಅಕ್ಕ ಹೋಗಲಿಲ್ಲ. ಮಾರನೆಯ ದಿನ ಪೇಟೆಗೆ ಹೋಗಿ ತನಗೊಂದು ದಪ್ಪ ಕಂಬಳಿ ಕೊಂಡು ತಂದಳು.