ಅರ್ಮಾಸ್ ಕೂತ ಪೆಟೂನಿಯಾ

ಹಿಲ್ಕಾ ಟೀಹೊನೆನ್‌ಗೆ ಸರೋವರದ ಆಚೆ ದಡದ ಅರ್ಮಾಸ್ ಮೇಲೆ ಮನಸ್ಸಿತ್ತು, ಹೂಂ ಅನ್ನುವ ಬಾಯಿ ಮಾತ್ರ ಇರಲಿಲ್ಲ. ನಿವೃತ್ತಿಯಾಗುವತನಕ ಸರೋವರದ ದ್ವೀಪಗಳಿಗೆ ದೋಣಿಯಲ್ಲಿ ಅಂಚೆ ಹಂಚಿದವಳು, ಬಿರುಗಾಳಿಗೂ ಜಗ್ಗದವಳು, ಅವನು ಮದುವೆಯ ಮಾತೆತ್ತಿದರೆ ಕಾಫಿ ಕಾಸಲು ಎದ್ದುಬಿಡುತ್ತಿದ್ದಳು. ಕೊನೆಗೊಂದು ದಿನ ಬಾಯಿತಪ್ಪಿ ಷರತ್ತು ಹಾಕಿದಳು: "ನನ್ನ ಮನೇಲಿ ಬೀಜದಿಂದ ಪೆಟೂನಿಯಾ ಹೂಗಿಡ ಹುಟ್ಲಿ, ಆ ವರ್ಷ ಮದುವೆ."

ಅವಳಿಗೆ ಪೆಟೂನಿಯಾ ಒಲಿದದ್ದೇ ಇಲ್ಲ. ಪ್ರತಿ ಫೆಬ್ರವರಿಯಲ್ಲಿ, ಹೊರಗೆ ಸೊಂಟದೆತ್ತರ ಹಿಮವಿರುವಾಗ, ಧೂಳಿನಂಥ ಬೀಜಗಳನ್ನು ಟ್ರೇಯಲ್ಲಿ ಉದುರಿಸಿ, ಪಾಪ ಚಳಿಯಾದೀತೆಂದು ಮೇಲೆ ದಪ್ಪಗೆ ಮಣ್ಣು ಹೊದಿಸುತ್ತಿದ್ದಳು. ಒಂದೂ ತಲೆಯೆತ್ತುತ್ತಿರಲಿಲ್ಲ. ಈ ಸಲವೂ ಹುಟ್ಟದಿದ್ದರೆ? ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು.

ಅರ್ಮಾಸ್ ಪ್ರತಿ ಶನಿವಾರ ಅವಳ ಸೌನಾಕ್ಕೆ, ಎಂದರೆ ಬಿಸಿಹಬೆಯ ಸ್ನಾನದ ಮನೆಗೆ, ಬರುತ್ತಿದ್ದ. ಈ ಸಲ ಬೀಜ ಬಿತ್ತಿದ ಶನಿವಾರ ಒಳಗೆ ಸದ್ದಿಲ್ಲ. ಮಿಂದು ಹೋದನೆಂದುಕೊಂಡ ಹಿಲ್ಕಾ, ಉಳಿದ ಬಿಸಿ ಬೀಜಕ್ಕಾಗಲಿ ಎಂದು ಟ್ರೇಯನ್ನು ಕೆಳಗಿನ ಹಲಗೆಯ ಮೇಲಿಟ್ಟು, ಹೊದಿಸುವ ಮಣ್ಣು ತರಲು ಹೋದಳು. ಅವನೋ ಹಬೆಯಲ್ಲಿ ಬೆವರಿದ ಮೇಲೆ, ಅಲ್ಲಿನ ವಾಡಿಕೆಯಂತೆ, ಸರೋವರದ ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಗೆ ಇಳಿದು ಮುಳುಗು ಹಾಕುತ್ತಿದ್ದ. ಕನ್ನಡಕವಿಲ್ಲದೆ ಗಡಗಡ ನಡುಗುತ್ತ ಓಡಿಬಂದು, ಹಲಗೆಯ ಮೇಲೆ ಹಾಸಿ ಕೂರುವ ತನ್ನ ಬಟ್ಟೆಯನ್ನು ಟ್ರೇಯ ಮೇಲೇ ಹರಡಿ ಧೊಪ್ಪನೆ ಕೂತ.

"ಏಳೋ! ನನ್ನ ಬೀಜ!" ಮಣ್ಣು ಹಿಡಿದು ಬಂದ ಹಿಲ್ಕಾ ಕಿರುಚಿದಳು.

"ಮೆತ್ತಗಿದೆಯಲ್ಲಾ ಅಂತ ಕೂತೆ ಕಣೇ!"

"ನಿನ್ನ ಅಂಡಿಗೆ ಕಣ್ಣಿಲ್ವಾ?"

"ಯಾರಿಗಿರುತ್ತೆ ಮಾರಾಯ್ತಿ!"

ಕೆಸರಾದ ಆ ಬಟ್ಟೆಯನ್ನು ಅವಳು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಂದು ಅವನೇ ತೊಳೆಯಲಿ ಎಂದು ಗಂಟುಕಟ್ಟಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಅವನು ಹೆದರಿ ಈ ಕಡೆ ತಲೆ ಹಾಕಲಿಲ್ಲ. ಶನಿವಾರ ಒಬ್ಬಳೇ ಸೌನಾದಲ್ಲಿ ಕೂತಾಗ ಹಿಲ್ಕಾಗೆ ಅಳುವೇ ಬಂತು. ಹೂವು ಹಾಳಾಗಲಿ, ಅವಳಿಗೆ ಅವನು ಬೇಕಿತ್ತು.

ಮಾರ್ಚ್‌ನಲ್ಲಿ ಅವನು ಮೆಲ್ಲಗೆ ಬಂದು ಚೀಲ ಎತ್ತಿದ. "ಹಿಲ್ಕಾ, ಬಟ್ಟೆಗೆ ಹಸಿರು ಬೂಷ್ಟು ಹಿಡಿದಿದೆ."

ಅವಳು ಕನ್ನಡಕ ಏರಿಸಿ ನೋಡಿದಳು. ಬೂಷ್ಟಲ್ಲ. ಬಟ್ಟೆಗಂಟಿದ ಬೀಜಗಳು ಮೊಳೆತಿದ್ದವು, ಒಂದೊಂದಕ್ಕೂ ಎರಡೆರಡು ಪುಟಾಣಿ ಎಲೆ!

"ಅಯ್ಯೋ, ಇವಕ್ಕೆ ಬೆಳಕು ಬೇಕಿತ್ತು ಕಣೋ! ಇಷ್ಟು ವರ್ಷ ಹೂತುಹಾಕ್ತಿದ್ದೆನಲ್ಲೋ ನಾನು!" ಎಂದು ಅವನನ್ನು ಹಿಡಿದು ಅಡುಗೆಮನೆಯಲ್ಲೆಲ್ಲ ಗಿರಗಿರನೆ ಕುಣಿಸಿದಳು.

ಅವನು ಏದುಸಿರು ಬಿಡುತ್ತ ಕೇಳಿದ: "ಬಟ್ಟೆ ಮೇಲೆ ಹುಟ್ಟಿದ್ದು ಲೆಕ್ಕಕ್ಕೆ ಬರುತ್ತಾ?"

"ಮನೆ ನಂದು, ಬೀಜ ನಂದು. ಬಟ್ಟೆ ನಿಂದು, ಅಂಡೂ ನಿಂದು. ಸಂಸಾರಕ್ಕೆ ಇನ್ನೇನೋ ಬೇಕು?"

ಜೂನ್‌ನ ನಡುಬೇಸಿಗೆ ಹಬ್ಬದಂದು ಜಗಲಿಯ ತುಂಬ ನೇರಳೆ ಹೂಗಳ ನಡುವೆ ಇಬ್ಬರೂ ನಿಂತರು. ಪಾದ್ರಿ ಸುಮ್ಮನಿರದೆ, "ಎಂಥಾ ಹೂಗಳು! ಯಾವುದರಲ್ಲಿ ಮೊಳಕೆ ಬರಿಸಿದ್ರಿ?" ಎಂದು ಕೇಳಿಬಿಟ್ಟರು. ಆಮೇಲೆ ಮದುವೆಗೆ ಒಪ್ಪಿಗೆಯೇ ಎಂದಾಗ, ಅಷ್ಟು ವರ್ಷ ಬಾಯಿಗೆ ಬಾರದ ಹೂಂ ಅನ್ನು ಹಿಲ್ಕಾ ಕೊನೆಗೂ ಹೇಳಿದಳು, ನಕ್ಕು ನಕ್ಕು ಅರ್ಮಾಸನ ಹೆಗಲಿಗೆ ಮುಖ ಒತ್ತಿಕೊಂಡು.